ಆರ್‌ಸಿಸಿಬಿ ಗುಂಡಿಯಿರುವ ಸಾಕೆಟ್ ಟೆಸ್ಟರ್: ಒಂದು ವರ್ಷದ ಬಳಕೆಯ ನಂತರ

ಧಾರವಾಡದಲ್ಲಿ ನನ್ನದು ಧ್ವನಿವರ್ಧಕ ಬಾಡಿಗೆಗೆ ಕೊಡುವ ವೃತ್ತಿ. ಸಂಗೀತ ಬೈಠಕ್, ಪ್ರವಚನ, ಮದುವೆ, ಶಾಲೆಯ ವಾರ್ಷಿಕೋತ್ಸವ ಎಂದು ಹುಬ್ಬಳ್ಳಿ, ಗದಗ, ಹಾವೇರಿಗಳಿಗೆ ಓಡಾಡುತ್ತಿರುವುದರಿಂದ, ಯಾರು ಯಾವ ಕಾಲದಲ್ಲಿ ಮಾಡಿದ್ದೋ ತಿಳಿಯದ ವೈರಿಂಗಿಗೆ ನನ್ನ ಆಂಪ್ಲಿಫೈಯರ್ ಸಿಕ್ಕಿಸುವ ಪ್ರಸಂಗ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಹಾಡುವವರ ತುಟಿ ಮೈಕಿನ ಉಕ್ಕಿನ ಜಾಲರಿಗೆ ತಾಗಿಕೊಂಡೇ ಇರುತ್ತದೆ. ಆ ಜಾಲರಿಯೋ ಕೇಬಲ್ಲಿನ ಹೊರಕವಚದಿಂದ ಮಿಕ್ಸರಿಗೆ, ಅಲ್ಲಿಂದ ಸಾಕೆಟ್ಟಿನ ಅರ್ಥ್ ಪಿನ್ನಿಗೆ ಕೂಡಿಕೊಂಡಿರುತ್ತದೆ. ಆ ಭವನದ ಅರ್ಥ್ ಹೇಗಿದೆಯೋ ಹಾಡುವವರ ಕ್ಷೇಮವೂ ಹಾಗೆಯೇ. ಈ ಕಾರಣಕ್ಕಾಗಿ ಕಳೆದ ವರ್ಷ ಹುಬ್ಬಳ್ಳಿಯ ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದಾದ, 6 ಆಂಪಿಯರಿನ ಮೂರು ಪಿನ್, ಮೂರು ದೀಪ ಮತ್ತು ಒಂದು ಕರಿ ಗುಂಡಿ ಇರುವ ಈ ಟೆಸ್ಟರನ್ನು ಕೊಂಡೆ.

ದೀಪಗಳ ಕೆಲಸ ಮೆಚ್ಚುವಂಥದ್ದೇ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ, ಅರ್ಥ್ ತಂತಿಯೇ ಇಲ್ಲದಿದ್ದರೆ, ಸಿಕ್ಕಿಸಿದ ಕೂಡಲೇ ತಿಳಿಯುತ್ತದೆ. ಆದರೆ ನ್ಯೂಟ್ರಲ್ ಮತ್ತು ಅರ್ಥ್ ಪರಸ್ಪರ ಬದಲಾಗಿದ್ದರೆ ಅದಕ್ಕೆ ತಿಳಿಯದು, ಏಕೆಂದರೆ ಎರಡರ ವೋಲ್ಟೇಜೂ ಹೆಚ್ಚುಕಡಿಮೆ ಒಂದೇ. ಅಲ್ಲದೆ ಅಂಥ ದೀಪ ಬೆಳಗಲು ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ ಕರೆಂಟ್ ಸಾಕು. ತುಕ್ಕು ಹಿಡಿದು ಎಳೆಯಷ್ಟೇ ಉಳಿದ ಅರ್ಥ್ ತಂತಿಯಲ್ಲೂ ಅದು ನಗುನಗುತ್ತ ಉರಿಯುತ್ತದೆ.

ನಿಜವಾಗಿ ಹೇಳಬೇಕಾದುದು ಕರಿ ಗುಂಡಿಯ ವಿಷಯ. ಕರೆಂಟ್ ಸೋರಿದರೆ ಸರಬರಾಜನ್ನು ತಾನೇ ಕಡಿಯುವ ಸುರಕ್ಷಾ ಸ್ವಿಚ್ಚೇ ಆರ್‌ಸಿಸಿಬಿ; ನಮ್ಮ ಕಡೆ ಇಂದಿಗೂ ಅದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಅದು ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಹಿಂದಿರುಗುತ್ತಿದೆಯೇ ಎಂದು ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನದಾದರೆ 15ರಿಂದ 30ರೊಳಗಿನ ವ್ಯತ್ಯಾಸಕ್ಕೆ ಅದು ಟ್ರಿಪ್ ಆಗಬೇಕು, ಎಂದರೆ ಬಿದ್ದು ಕರೆಂಟ್ ಕಡಿಯಬೇಕು. ಅದರ ಮೈಮೇಲಿರುವ ‘ಟಿ’ ಗುಂಡಿ ಒಳಗಿನ ಯಂತ್ರವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥ್ ಇದೆಯೋ ಇಲ್ಲವೋ ಎಂಬುದು ಅದಕ್ಕೆ ಸಂಬಂಧವಿಲ್ಲ. ನನ್ನ ಟೆಸ್ಟರಿನ ಗುಂಡಿಯಾದರೋ ವೇದಿಕೆಯ ಸಾಕೆಟ್ಟಿನಲ್ಲೇ ಫೇಸ್‌ನಿಂದ ಅರ್ಥ್‌ಗೆ 30 ಮಿಲಿಆಂಪಿಯರ್‌ಗಿಂತ ತುಸು ಹೆಚ್ಚು ಕರೆಂಟ್ ಹರಿಸಿ ಇಡೀ ದಾರಿಯನ್ನು ಪರೀಕ್ಷಿಸುತ್ತದೆ.

ಈ ವ್ಯತ್ಯಾಸದ ಬೆಲೆ ನನಗೆ ಗೊತ್ತಾದದ್ದು ಗದಗ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ. “ಅರ್ಥಿಂಗ್ ಎಲ್ಲಾ ಬರೋಬ್ಬರಿ ಐತ್ರೀ” ಎಂದು ಅಲ್ಲಿಯ ವ್ಯವಸ್ಥಾಪಕರು ಭರವಸೆ ಕೊಟ್ಟಿದ್ದರು. ದೀಪಗಳೂ ಹಾಗೆಯೇ ಹೇಳಿದವು, ಮೇನ್ ಬೋರ್ಡಿನ ‘ಟಿ’ ಗುಂಡಿ ಒತ್ತಿದಾಗ ಆರ್‌ಸಿಸಿಬಿ ಟಕ್ಕನೆ ಬಿತ್ತು. ಆದರೆ ವೇದಿಕೆಯ ಸಾಕೆಟ್ಟಿನಲ್ಲಿ ಟೆಸ್ಟರಿನ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಏನೂ ಆಗಲಿಲ್ಲ. ಅಲ್ಲಿಯ ಎಲೆಕ್ಟ್ರಿಷಿಯನ್ನರು ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದಾಗ, ನ್ಯೂಟ್ರಲ್ ಟರ್ಮಿನಲ್ಲಿನಿಂದ ಅರ್ಥ್ ಟರ್ಮಿನಲ್ಲಿಗೆ ಎರಡು ಅಂಗುಲದ ಕರಿ ವೈರಿನ ತುಂಡೊಂದನ್ನು ಲೂಪ್ ಮಾಡಿದ್ದು ಕಂಡಿತು. ಅರ್ಥ್‌ಗೆ ಹರಿಸಿದ ಕರೆಂಟೆಲ್ಲ ಆ ತುಂಡಿನ ಮೂಲಕ ನ್ಯೂಟ್ರಲ್ ಸೇರಿ ಆರ್‌ಸಿಸಿಬಿಯೊಳಗಿಂದಲೇ ಹಿಂದಿರುಗುತ್ತಿತ್ತು. ಹೋದದ್ದೂ ಬಂದದ್ದೂ ಸಮವಾದ ಮೇಲೆ ಅದು ಏಕೆ ಟ್ರಿಪ್ ಆದೀತು? ಎಲ್ಲಾದರೂ ಆ ನ್ಯೂಟ್ರಲ್ ಕಡಿದಿದ್ದರೆ, ಚಾಲೂ ಇದ್ದ ಉಪಕರಣದ ಮೂಲಕ 230 ವೋಲ್ಟ್ ನೇರವಾಗಿ ಮೈಕಿನ ಜಾಲರಿಗೆ ಬರುತ್ತಿತ್ತು. ಈ ಒಂದು ಪತ್ತೆಗೇ ಟೆಸ್ಟರಿಗೆ ಕೊಟ್ಟ ಹಣ ಸಂದಿತು ಎಂದುಕೊಂಡೆ.

ಇಷ್ಟು ಹೊಗಳಿದ ಮೇಲೂ, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆಯದೆ ಬಿಟ್ಟಿರುವ ಒಂದು ಅಪಾಯವನ್ನು ದೊಡ್ಡ ದೋಷವೆಂದೇ ನಾನು ಎಣಿಸುತ್ತೇನೆ. ಅರ್ಥ್ ತಂತಿ ಮೇನ್ ಬೋರ್ಡಿನ ಬಳಿ ಕಡಿದುಹೋಗಿ, ಸಾಕೆಟ್ಟುಗಳ ನಡುವೆ ಮಾತ್ರ ಕೂಡಿಕೊಂಡಿದೆ ಎಂದುಕೊಳ್ಳಿ. ಆಗ ಗುಂಡಿ ಒತ್ತಿದರೆ ಕರೆಂಟಿಗೆ ನೆಲಕ್ಕೆ ಇಳಿಯುವ ದಾರಿಯಿಲ್ಲದೆ, ಆ ತಂತಿಗೆ ಸೇರಿದ ಫ್ರಿಜ್ಜು, ನೀರಿನ ಕೂಲರು, ಮೈಕು ಎಲ್ಲದರ ಲೋಹದ ಮೈಗೂ ಫೇಸ್ ಏರುತ್ತದೆ. ಟೆಸ್ಟರಿನೊಳಗಿನ ರೆಸಿಸ್ಟರ್ ಸುಮಾರು 7,500 ಓಮ್ ಎಂದು ಹಿಡಿದರೆ, ಅಡುಗೆಮನೆಯಲ್ಲಿ ಒದ್ದೆಗೈಯಿಂದ ಕೂಲರ್ ಮುಟ್ಟಿದವರ ಮೈಯಲ್ಲಿ 25 ಮಿಲಿಆಂಪಿಯರಿನಷ್ಟು ಹರಿಯಬಹುದು. ಕೈ ಬಿಗಿದು ಬಿಡಿಸಿಕೊಳ್ಳಲಾಗದಷ್ಟು ಅದು ಸಾಕು. ಆರ್‌ಸಿಸಿಬಿ ಅವರನ್ನು ಕಾಯುತ್ತದಲ್ಲ ಎನ್ನುವಂತಿಲ್ಲ, ಕೆಲಸ ಮಾಡುತ್ತದೋ ಇಲ್ಲವೋ ಎಂದು ನಾವು ಪರೀಕ್ಷಿಸುತ್ತಿರುವುದೇ ಅದನ್ನು. ಫೇಸ್ ಮತ್ತು ಅರ್ಥ್ ನಡುವೆ ನೂರು ವ್ಯಾಟಿನ ಬಲ್ಬ್ ಹಚ್ಚಿ ನೋಡುವ ಹಳೆಯ ರೂಢಿ ಇದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಅಲ್ಲಿ ಹರಿಯುವುದು 400 ಮಿಲಿಆಂಪಿಯರ್‌ಗೂ ಹೆಚ್ಚು.

ಆದ್ದರಿಂದ ಕರಿ ಗುಂಡಿಯನ್ನು ನಾನು ಕೊನೆಗೆ ಒತ್ತುತ್ತೇನೆ. ಕಾರ್ಯಕ್ರಮಕ್ಕೆ ನಾಲ್ಕು ತಾಸು ಮೊದಲೇ ಹೋಗಿ, ಕರೆಂಟ್ ಹೋಗುತ್ತದೆ ಎಂದು ಭವನದವರಿಗೆ ತಿಳಿಸಿ ಒಪ್ಪಿಗೆ ಪಡೆದು (ಹಳೆಯ ಆರ್‌ಸಿಸಿಬಿ ಒಮ್ಮೆ ಬಿದ್ದರೆ ಮತ್ತೆ ಏಳದಿರುವುದೂ ಉಂಟು, ಆಗ ಅಪವಾದ ನಮ್ಮ ಮೇಲೆಯೇ), ಆರ್‌ಸಿಸಿಬಿಯ ಮೇಲೆ ಎಷ್ಟು ಮಿಲಿಆಂಪಿಯರ್ ಎಂದು ಬರೆದಿರುವುದನ್ನು ಓದಿ, ಮೊದಲು ಅದರ ‘ಟಿ’ ಗುಂಡಿ ಒತ್ತುತ್ತೇನೆ. ಅದು ಬೀಳದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಬಿದ್ದರೆ, ಮತ್ತೆ ಎತ್ತಿ, ದೀಪಗಳನ್ನು ನೋಡಿ, ಬಳಿಕ 1,000 ವ್ಯಾಟಿನ ಹ್ಯಾಲೊಜನ್ ಹಚ್ಚಿಟ್ಟು ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಯುತ್ತೇನೆ. ಒಂದೆರಡು ವೋಲ್ಟ್ ಬರುವುದು ಸಹಜ. ಲೋಡ್ ಇದ್ದಾಗಲೂ ಅಳ್ಳಾಡದೆ ಸೊನ್ನೆಯೇ ತೋರಿಸಿದರೆ ಗದಗಿನ ಕರಿ ವೈರು ನೆನಪಾಗುತ್ತದೆ. ಇದೆಲ್ಲ ಸರಿಯೆನಿಸಿದರೂ ಮೈಕು, ಆಂಪ್ಲಿಫೈಯರುಗಳ ಪ್ಲಗ್ ಕಿತ್ತು, ಅಡುಗೆಯವರೂ ಸೇರಿ ಯಾರೂ ಲೋಹದ ವಸ್ತು ಮುಟ್ಟದಂತೆ ಒಬ್ಬ ಹುಡುಗನನ್ನು ಕಾವಲಿಗೆ ನಿಲ್ಲಿಸಿ, ನಂತರವೇ ಗುಂಡಿಯನ್ನು ಕ್ಷಣಮಾತ್ರ ಒತ್ತುತ್ತೇನೆ. ಪ್ಲಗ್ ಕೀಳುವುದಕ್ಕೆ ಇನ್ನೊಂದು ಕಾರಣವಿದೆ: ಉಪಕರಣಗಳೊಳಗೆ ಕರೆಂಟಿನ ಗದ್ದಲ ಸೋಸುವ ಫಿಲ್ಟರುಗಳಿಂದ ಅರ್ಥ್‌ಗೆ ಮೊದಲೇ ಸೋರುತ್ತಿರುವ ಕರೆಂಟ್ ಲೆಕ್ಕಕ್ಕೆ ಸೇರಿ, ಮಂದವಾದ ಆರ್‌ಸಿಸಿಬಿಯೂ ಚುರುಕೆಂದು ತೋರಬಹುದು.

ಮೇನ್‌ನಲ್ಲಿ 100 ಅಥವಾ 300 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಈ ಟೆಸ್ಟರಿಗೆ ಅದು ಬೀಳುವುದೇ ಇಲ್ಲ; ಅದು ಟೆಸ್ಟರಿನ ತಪ್ಪಲ್ಲ. ಎಷ್ಟು ವೇಗವಾಗಿ ಬಿತ್ತು ಎಂದೂ ಇದು ಹೇಳದು. 30 ಮಿಲಿಆಂಪಿಯರಿಗೆ 300 ಮಿಲಿಸೆಕೆಂಡಿನೊಳಗೆ, ಅದರ ಐದು ಪಟ್ಟಿಗೆ 40 ಮಿಲಿಸೆಕೆಂಡಿನೊಳಗೆ ಬೀಳಬೇಕೆಂಬುದು ನಿಯಮ. ಅದನ್ನು ಅಳೆಯಲು ಆರ್‌ಸಿಸಿಬಿಯಂಥ ಸ್ವಿಚ್ಚುಗಳಿಗೆಂದೇ ಇರುವ, ಸಾವಿರಾರು ರೂಪಾಯಿಯ ಆರ್‌ಸಿಡಿ ಟೆಸ್ಟರೇ ಬೇಕು. ಪರಿಚಯದ ಗುತ್ತಿಗೆದಾರರೊಬ್ಬರ ಬಳಿ ಇರುವುದನ್ನು ನೋಡಿದ್ದೇನೆ: ಲೋಹದ ಮೈಗೆ 50 ವೋಲ್ಟ್ ಮೀರಿ ಏರುವಂತಿದ್ದರೆ ಅದು ಮೊದಲೇ ಅಳೆದುಕೊಂಡು ಪರೀಕ್ಷೆಯನ್ನೇ ನಿರಾಕರಿಸುತ್ತದೆ. ಆ ವಿವೇಕ ನನ್ನ ಅಗ್ಗದ ಟೆಸ್ಟರಿಗೆ ಇಲ್ಲ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಒಂದನ್ನು ಕಳೆದದ್ದು ಆ ಎಚ್ಚರಿಕೆ ಬರೆಯದ ಚೀಟಿಗಾಗಿ, ಇನ್ನೊಂದನ್ನು 6 ಆಂಪಿಯರ್ ಪಿನ್ನಿಗಾಗಿ. ವೇದಿಕೆಗಳಲ್ಲಿ ಹೆಚ್ಚಾಗಿ ಇರುವುದು 16 ಆಂಪಿಯರಿನ ಸಾಕೆಟ್. ನಡುವೆ ಹಾಕಿದ ಅಡಾಪ್ಟರಿನ ಅರ್ಥ್ ಸಡಿಲವಾಗಿ, ಎರಡು ಸಲ ಒಳ್ಳೆಯ ಸಾಕೆಟ್ಟನ್ನೇ ಕೆಟ್ಟದ್ದೆಂದು ಹೇಳಿಬಿಟ್ಟಿದ್ದೆ.