ಕೊಡಗಿನ ಮಳೆಗೆ ಆಗದ ಬಟ್ಟಲು, ಕೈಬಿಡಲಾಗದ ಚಮಚ

ಮಗನಿಗೆ 6 ತಿಂಗಳು ತುಂಬಿದಾಗ 600 ಚಿಲ್ಲರೆ ರೂಪಾಯಿ ಕೊಟ್ಟು ಈ ಸಿಲಿಕೋನ್ (ರಬ್ಬರಿನಂಥ ಮೆತ್ತನೆ ವಸ್ತು) ಊಟದ ಸೆಟ್, ಅಂದರೆ ಬಟ್ಟಲು, ಚಮಚ ತರಿಸಿದ್ದೆ. ಈಗ ಅವನಿಗೆ ಒಂದೂವರೆ ವರ್ಷ. ದಿನಾ ಬಳಸುತ್ತಿದ್ದೇವೆ.

ಮೊದಲು ಬಟ್ಟಲಿನ ವಾಸನೆ. ಸೋಮವಾರಪೇಟೆ ಮಳೆ ಗೊತ್ತಲ್ವಾ? ಜುಲೈನಲ್ಲಿ ಬಿಸಿಲಿನ ಮುಖವೇ ಕಾಣುವುದಿಲ್ಲ. ಬಟ್ಟಲ ತಳದಲ್ಲಿ ಮೇಜಿಗೆ ಅಂಟಿಕೊಳ್ಳುವ ಭಾಗ ಇದೆಯಲ್ಲ, ಅದರೊಳಗೆ ನೀರು ನಿಂತು ಬೂಷ್ಟು ಹಿಡಿಯುತ್ತದೆ. ಎಣ್ಣೆ, ಸೋಪಿನ ವಾಸನೆಯನ್ನೂ ಸಿಲಿಕೋನ್ ಬಿಟ್ಟುಕೊಡುವುದಿಲ್ಲ. ರಾಗಿ ಸರಿಯನ್ನು ಮಗ ಉಗಿಯುತ್ತಿದ್ದದ್ದು ಇದಕ್ಕೇ ಅಂತ ನನ್ನ ಗುಮಾನಿ. ಅದೇ ಸರಿ ಸ್ಟೀಲ್ ಬಟ್ಟಲಲ್ಲಿ ಕೊಟ್ಟರೆ ಬಾಯಿ ತೆರೆಯುತ್ತಿದ್ದ. ಆಗಾಗ ನೀರಲ್ಲಿ ಕುದಿಸಿ, ಒಲೆ ಪಕ್ಕ ಬೋರಲು ಹಾಕಿದರೆ ಸ್ವಲ್ಪ ವಾಸಿ. ಅಂಟುವುದೂ ಗ್ರಾನೈಟ್ ಮೇಲೆ ಮಾತ್ರ. ನಮ್ಮ ಹಳೇ ಮರದ ಮೇಜಿನಿಂದ ಸುಮ್ನೆ ಎದ್ದು ಬರುತ್ತದೆ.

ಜೊತೆಗೆ ಬಂದ ಪುಟ್ಟ ಪುಸ್ತಕದಲ್ಲಿ 7 ತಿಂಗಳಿಗೇ ಬಾಳೆಹಣ್ಣಿಗೆ ಜೇನು ಹಾಕಿ ಎಂದಿದೆ. ಇದಂತೂ ತಪ್ಪು. ಜೇನಲ್ಲಿ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಹಾಗಾಗಿ ವರ್ಷ ತುಂಬುವವರೆಗೆ ಕೊಡಬಾರದು. ನಮ್ಮ ಕೊಡಗಿನ ಜೇನಾದರೂ ಅಷ್ಟೇ.

ಇಷ್ಟಾದರೂ ಸೆಟ್ ಎಸೆಯದೆ ಇರುವುದು ಚಮಚಕ್ಕಾಗಿ. ಗಿಡ್ಡ, ದಪ್ಪ ಹಿಡಿ, ಪುಟ್ಟ ಮುಷ್ಟಿಗೆ ಸರಿಯಾಗಿ ಕೂರುತ್ತದೆ. ಗುಂಡಿ ಆಳ ಇಲ್ಲ, ಮೇಲಿನ ತುಟಿಯಲ್ಲೇ ಎಳೆದುಕೊಳ್ಳಬಹುದು. ಬೆಳಿಗ್ಗೆ ನೇಂದ್ರ ಬಾಳೆಹಣ್ಣನ್ನು ಸಿಪ್ಪೆ ಸಮೇತ ಹಬೆಯಲ್ಲಿ ಬೇಯಿಸುತ್ತೇನೆ. ಸಿಪ್ಪೆ ಬಿರಿದ ಮೇಲೆ ಬಿಡಿಸಿ, ನಡುವಿನ ಕಪ್ಪು ಎಳೆ ತೆಗೆದು ಕಿವುಚುತ್ತೇನೆ. ಚಮಚ ಬೋರಲು ಮಾಡಿದರೂ ಬೀಳದಷ್ಟು ಗಟ್ಟಿ ಇರಬೇಕು. ನೀರಾದರೆ ಬಾಯಿ ತಲುಪುವಷ್ಟರಲ್ಲಿ ಏನೂ ಉಳಿಯುವುದಿಲ್ಲ. ನಾನು ತುಂಬಿ ಕೈಗೆ ಕೊಡುವುದು, ಮಿಕ್ಕಿದ್ದು ಅವನ ಕೆಲಸ. ಮೊದಮೊದಲು ಕೆನ್ನೆಗೆ, ಕಿವಿಗೆ ಹೋಗುತ್ತಿತ್ತು. "ಎಲ್ಲ ಚೆಲ್ತಾನೆ, ನೀನೇ ತಿನ್ನಿಸಮ್ಮ" ಅಂತ ಅತ್ತೆ ಬೇಜಾರು ಮಾಡಿಕೊಳ್ಳುತ್ತಿದ್ದರು. 9 ತಿಂಗಳಿಗೆ ಬೇಳೆಕಟ್ಟಲ್ಲಿ ನೆನೆಸಿದ ಕಡಂಬುಟ್ಟಿನ (ಅಕ್ಕಿ ತರಿಯ ಹಬೆಯುಂಡೆ) ಚೂರನ್ನು ಹೆಬ್ಬೆರಳು, ತೋರುಬೆರಳಲ್ಲಿ ಹೆಕ್ಕತೊಡಗಿದ. ಚಮಚದಲ್ಲಿ ತಾನೇ ತೋಡಿಕೊಳ್ಳಲು ವರ್ಷ ದಾಟಿತು. ಆ ದಿನ ಅತ್ತೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು!

ನನ್ನ ಲೆಕ್ಕದಲ್ಲಿ 5ಕ್ಕೆ 3. ಚಮಚ ಬಿಡಿಯಾಗಿ ಸಿಕ್ಕರೆ ಎರಡು ತಗೊಳ್ಳಿ, ಬಟ್ಟಲಿಗೆ ದುಡ್ಡು ಹಾಕಬೇಡಿ. ಹಲ್ಲು ಬಂದ ಮೇಲೆ ಮಕ್ಕಳು ಚಮಚದ ಅಂಚನ್ನು ಜಾಸ್ತಿ ಕಚ್ಚುತ್ತಾರೆ. ಬಿರುಕು ಕಂಡ ಕೂಡಲೇ ಬದಲಾಯಿಸಿ, ತುಂಡು ಗಂಟಲಿಗೆ ಹೋದೀತು.