ಬೇಕರ್ ರೈಫಲ್ಲಾ, ಫರ್ಗುಸನ್ನಾ? ಎರಡೂ ಹೊಡೆದು ನೋಡಿದ ಮೇಲೆ

ಬ್ರಿಟಿಷ್ ಸೈನ್ಯದ ಚಕಮಕಿ ರೈಫಲ್ ಅಂದ ತಕ್ಷಣ ಬರೋದು ಎರಡು ಹೆಸರು, ಫರ್ಗುಸನ್ ಮತ್ತೆ ಬೇಕರ್. ಇಲ್ಲಿ ಇಂಗ್ಲೆಂಡಲ್ಲಿ ರೇಂಜಿಗೆ ಹೋಗೋ ಗೆಳೆಯರ ಹತ್ರ ಎರಡರ ರೆಪ್ಲಿಕಾನೂ ಇದೆ, ಒಂದೇ ಟಾರ್ಗೆಟ್ಟಿಗೆ ಎರಡನ್ನೂ ಹೊಡೆದಿದೀನಿ. ನನ್ನ ಓಟು ಬೇಕರ್‌ಗೆ.

ಮೊದ್ಲು ಫರ್ಗುಸನ್. ಬ್ರಿಟಿಷ್ ಸೈನ್ಯದ ಅಧಿಕಾರಿ ಪ್ಯಾಟ್ರಿಕ್ ಫರ್ಗುಸನ್ 1776ರಲ್ಲಿ ಪೇಟೆಂಟ್ ತಗೊಂಡಿದ್ದು ಇದಕ್ಕೆ. ಟ್ರಿಗರ್ ಗಾರ್ಡನ್ನೇ ಹಿಡಿದು ಒಂದು ಸುತ್ತು ತಿರುಗಿಸಿದ್ರೆ ಸ್ಕ್ರೂ ಕೆಳಗಿಳಿದು ನಳಿಗೆಯ ಮೇಲ್ಗಡೆ ತೂತು ತೆರೆಯತ್ತೆ, ಮೂತಿ ಸ್ವಲ್ಪ ಬಗ್ಗಿಸಿ ಗುಂಡು ಹಾಕು, ಹಿಂದಿಂದ ಮದ್ದು ಸುರಿ, ವಾಪಸ್ ತಿರುಗಿಸು, ಅಷ್ಟೇ. ನಳಿಗೆ ಬಾಯಿಂದ ಗುಂಡು ಒತ್ತೋ ಸರಳು, ಅಂದ್ರೆ ರಾಮ್‌ರಾಡ್, ಮುಟ್ಟೋ ಕೆಲಸವೇ ಇಲ್ಲ, ಮಲಗಿದಲ್ಲೇ ಲೋಡ್ ಮಾಡಬಹುದು. ಅದೇ ವರ್ಷ ಲಂಡನ್ ಹತ್ರದ ವೂಲಿಚ್‌ನಲ್ಲಿ ಮಳೆಗಾಳಿಯಲ್ಲಿ ನಿಂತು ನಿಮಿಷಕ್ಕೆ 4 ಗುಂಡು ಹೊಡೆದು ತೋರಿಸಿದ್ದ ಮನುಷ್ಯ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ, ಕೈಯಲ್ಲಿ ಹಿಡಿದಾಗ ನಿಜವಾಗ್ಲೂ ಗೌರವ ಬರತ್ತೆ.

ಆದ್ರೆ ಮದ್ದಿನ ಮಸಿ ಅನ್ನೋದು ಬಿಡಲ್ಲ. ಹೊಡೀತಾ ಹೋದ ಹಾಗೆ ಸ್ಕ್ರೂ ಬಿಗಿಯಾಗ್ತಾ ಬರತ್ತೆ, ಜೇನುಮೇಣ ಮತ್ತೆ ಕೊಬ್ಬು ಕಲಸಿ ಮೊದಲೇ ಚೆನ್ನಾಗಿ ಮೆತ್ತಿದ್ರೆ ಆರಾಮಾಗಿ ತಿರುಗತ್ತೆ, ಒಣಗಿದ್ರೆ ಮುಗೀತು, ಮಣಿಕಟ್ಟು ನೋಯೋವರೆಗೂ ಎಳೀಬೇಕು. ಇನ್ನೊಂದು, ಸ್ಕ್ರೂಗೆ ಜಾಗ ಮಾಡೋಕೆ ಲಾಕ್ (ಕಿಡಿ ಹೊಡೆಯೋ ಯಂತ್ರ) ಹತ್ರ ಮರ ಕೆತ್ತಿ ತೆಳ್ಳಗಾಗಿರತ್ತೆ, ಕಟ್ಟಿಗೆ ಒಡೆಯೋದು ಅಲ್ಲೇ. ಸೈನ್ಯಕ್ಕೆ ಮಾಡಿಸಿದ್ದು ಸುಮಾರು 100 ಮಾತ್ರ, 1777ರಲ್ಲಿ ಅಮೆರಿಕದ ಬ್ರ್ಯಾಂಡಿವೈನ್ ಯುದ್ಧದಲ್ಲಿ ಫರ್ಗುಸನ್‌ಗೇ ಗಾಯ ಆಯ್ತು, ಆಮೇಲೆ ಅವನ ಪಡೆನೂ ಚದುರಿಹೋಯ್ತು.

ಬೇಕರ್ ಬಂದಿದ್ದು 1800ರಲ್ಲಿ, ಲಂಡನ್‌ನ ಎಜೆಕಿಯೆಲ್ ಬೇಕರ್ ಮಾಡಿದ್ದು. ಆಗಷ್ಟೇ ಶ್ರೀರಂಗಪಟ್ಟಣ ಬಿದ್ದಿತ್ತು, ಅಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿನೇ ಮುಂದೆ ಸ್ಪೇನ್, ಪೋರ್ಚುಗಲ್‌ನಲ್ಲಿ ಈ ರೈಫಲ್ ಹಿಡಿದ 95ನೇ ರೆಜಿಮೆಂಟಿನ ಹಸಿರು ಕೋಟಿನವರನ್ನ ಮುಂದೆ ಬಿಟ್ಟಿದ್ದು. 30 ಇಂಚಿನ ನಳಿಗೆ, ಒಳಗೆ ಗುಂಡು ತಿರುಗಿಸೋಕೆ ಸುರುಳಿಯಾಗಿ ಕೊರೆದ 7 ಗೀರು, ಪೂರ್ತಿ ಉದ್ದಕ್ಕೆ ಕಾಲು ಸುತ್ತು ಮಾತ್ರ ತಿರುವು. ಲೋಡ್ ಮಾಡೋದು ನಿಧಾನ: ಮದ್ದು ಹಾಕಿ, ಜಿಡ್ಡು ಸವರಿದ ಬಟ್ಟೆ ತುಂಡಲ್ಲಿ ಗುಂಡು ಸುತ್ತಿ, ನಳಿಗೆಯ ಬಾಯಲ್ಲಿಟ್ಟು ರಾಮ್‌ರಾಡಲ್ಲಿ ತಳದವರೆಗೂ ಒತ್ತಬೇಕು. ನಿಮಿಷಕ್ಕೆ ಎರಡಾದ್ರೆ ದೊಡ್ಡದು. ಮಸಿ ಕೂತ ಮೇಲೆ ಒತ್ತೋದು ಕಷ್ಟ ಅಂತ ಶುರುವಲ್ಲಿ ಸೈನಿಕರಿಗೆ ಮರದ ಸುತ್ತಿಗೆನೇ ಕೊಟ್ಟಿದ್ರು. ನಾನು ಬಟ್ಟೆ ಸ್ವಲ್ಪ ಒದ್ದೆಯಾಗಿಟ್ಕೋತೀನಿ, ಹಾಗೆ ಮಾಡಿದ್ರೆ ಪ್ರತಿ ಗುಂಡೂ ಇಳಿಯೋವಾಗ ಹಿಂದಿನ ಮಸಿನ ಒರೆಸ್ಕೊಂಡೇ ಹೋಗತ್ತೆ, ಬೆಳಗ್ಗಿಂದ ಮಧ್ಯಾಹ್ನದವರೆಗೂ ಒಂದೇ ಹದ.

ಅದೇ ನಂಗೆ ಮುಖ್ಯ. 100 ಗಜದಲ್ಲಿ ಮೊದಮೊದಲ ಗುಂಡುಗಳಿಗೆ ಎರಡೂ ಸಮ, ಆಮೇಲೆ ಟಾರ್ಗೆಟ್ಟಲ್ಲಿ ಫರ್ಗುಸನ್ ಗುಂಡುಗಳು ದೂರದೂರ ಹರಡತ್ವೆ, ಬೇಕರ್‌ದು ಹಾಗೇ ಒತ್ತಾಗಿರತ್ತೆ. ಕೆನ್ನೆ ಇಡೋಕೆ ಉಬ್ಬಿಸಿದ ಜಾಗ, ಕೈ ಕೂರೋಕೆ ಸುರುಳಿ ಟ್ರಿಗರ್ ಗಾರ್ಡ್, ಬಟ್ಟೆ ತುಂಡು ಇಡೋಕೆ ಹಿಡಿಯಲ್ಲಿ ಹಿತ್ತಾಳೆ ಮುಚ್ಚಳದ ಪೆಟ್ಟಿಗೆ, ಹೊಡೆಯೋನನ್ನ ಯೋಚಿಸಿ ಮಾಡಿದ್ದಾರೆ.

ಮಲೆನಾಡಲ್ಲಿ, ಕೊಡಗಲ್ಲಿ ಕೇಪಿನ ಕೋವಿ ಹೊಡೆದವರಿಗೆ ಒಂದು ಮಾತು: ಇಲ್ಲಿ ಕೇಪಿನ ಹಾಗೆ ತಕ್ಷಣ ಹಾರಲ್ಲ, ಮೊದ್ಲು ಕಣ್ಣೆದುರೇ ಲಾಕ್ ಪಕ್ಕದ ಸಣ್ಣ ಬಟ್ಟಲಲ್ಲಿ ಮದ್ದು ಭಗ್ ಅನ್ನತ್ತೆ, ಆಮೇಲೆ ಗುಂಡು, ಆ ಕ್ಷಣ ಅಲ್ಲಾಡದೆ ಗುರಿ ಹಿಡಿದಿರಬೇಕು. ಹಾರದೇ ಇದ್ರೆ ಒಂದು ನಿಮಿಷ ಮೂತಿ ಟಾರ್ಗೆಟ್ ಕಡೆನೇ ಇರ್ಲಿ, ತಡವಾಗಿ ಹಾರಬಹುದು. ಗಡಿಬಿಡಿಯಲ್ಲಿ ನಿಮಿಷಕ್ಕೆ ನಾಲ್ಕು ಬೇಕು ಅನ್ನೋರು, ಇಲ್ಲಾ ಮಲಗಿ ಹೊಡೆಯೋರು ಫರ್ಗುಸನ್ ತಗೊಳ್ಳಿ, ಆದ್ರೆ ರೆಪ್ಲಿಕಾ ಕೊಳ್ಳೋಕೆ ಮುಂಚೆ ಸ್ಕ್ರೂ ಬಿಚ್ಚಿ ಥ್ರೆಡ್ ನೋಡ್ಲೇಬೇಕು. ಕಿಡಿ ಹೊಡೆಯೋ ಚಕಮಕಿ ಕಲ್ಲು ಮಾತ್ರ ಎರಡಕ್ಕೂ ಸಫೋಕ್‌ನ ಬ್ರ್ಯಾಂಡನ್ ಕಡೆಯ ಕಪ್ಪು ಕಲ್ಲೇ, ಚರ್ಮ ಸುತ್ತಿ ಬಿಗಿಯಾಗಿ ಕೂರಿಸಿ.