ಹಳೇ ಎಸ್‌ಎಂಪಿಎಸ್ ಕೇಬಲ್ ಹೊಸದಕ್ಕೆ ಹಾಕಬೇಡಿ, ನನ್ನ ಎರಡು ಹಾರ್ಡ್ ಡಿಸ್ಕ್ ಸುಟ್ಟವು

ಮನೆಯ ಕಂಪ್ಯೂಟರ್‌ಗೆ ಹೊಸ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ) ತಂದಿಟ್ಟುಕೊಂಡು ಭಾನುವಾರಕ್ಕೆ ಕಾಯುತ್ತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಸ್ಕ್ರೂ ಬಿಚ್ಚಿ.

ಮಗಳು ವಿಡಿಯೊ ಎಡಿಟಿಂಗ್ ಕಲಿಯುತ್ತಿದ್ದಾಳೆ. ಅವಳಿಗೆ ಅಂತ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕೋಣ ಅಂದುಕೊಂಡೆ. ಕಂಪ್ಯೂಟರ್ ಸಾಮಾನು ಸಿಗುವ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗುವ ಮೊದಲು ಒಂದು ವಾರ ಕೂತು ಲೆಕ್ಕ ಹಾಕಿದ್ದೆ. ಕಾರ್ಡ್ ಎಳೆಯುವುದು 170 ವ್ಯಾಟ್, ಮದರ್‌ಬೋರ್ಡಿನ ಸ್ಲಾಟ್ ಕೊಡುವುದು 75 ವ್ಯಾಟ್ ಮಾತ್ರ, ಉಳಿದದ್ದು ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್‌ನಲ್ಲಿ ಬರಬೇಕು. ನನ್ನದು 450 ವ್ಯಾಟಿನ ಹಳೇ ಎಸ್‌ಎಂಪಿಎಸ್, ಸಾಲುವುದಿಲ್ಲ. ಹಾಗಾಗಿ 650 ವ್ಯಾಟಿನದು ತಂದೆ. ಕ್ಯಾಬಿನೆಟ್ ಒಳಗೆ ಕಾರ್ಡ್ ಹಿಡಿಸುತ್ತದಾ ಅಂತ ಟೇಪ್ ಹಿಡಿದು ಅಳೆದಿದ್ದೆ, ಜೊತೆಗೆ ತಂದ ರ್‍ಯಾಮ್ ನನ್ನ ಮದರ್‌ಬೋರ್ಡಿಗೆ ಹೊಂದುವ ಡಿಡಿಆರ್4 ಹೌದಾ ಅಂತ ಎರಡು ಸಲ ನೋಡಿದ್ದೆ. ಅದೆಲ್ಲ ಸರಿಯಾಗಿಯೇ ಇತ್ತು.

ತಪ್ಪಾಗಿದ್ದು ಕೇಬಲ್‌ನಲ್ಲಿ. ಹಳೆಯದೂ ಹೊಸದೂ ಎರಡೂ ಮಾಡ್ಯುಲರ್, ಅಂದರೆ ಕೇಬಲ್‌ಗಳನ್ನು ಎಸ್‌ಎಂಪಿಎಸ್‌ನಿಂದ ಕಳಚಬಹುದು. ಎರಡೂ ಒಂದೇ ಕಂಪನಿಯವು, ಮಾಡೆಲ್ ಬೇರೆ. ಹಾರ್ಡ್ ಡಿಸ್ಕ್‌ಗಳಿಗೆ ಹೋಗುವ ಹಳೇ ಸಾಟಾ ಪವರ್ ಕೇಬಲ್ ಮದರ್‌ಬೋರ್ಡ್ ಹಿಂದಿನಿಂದ ಬಂದು, ಟ್ಯಾಗ್ ಹಾಕಿಸಿಕೊಂಡು ನೀಟಾಗಿ ಕೂತಿತ್ತು. ಅದನ್ನೆಲ್ಲ ಕತ್ತರಿಸಿ ಹೊಸದು ಎಳೆಯುವುದು ಯಾಕೆ, ಅದೂ ಆರು ಪಿನ್, ಇದೂ ಆರು ಪಿನ್ ಅಂತ ಹಳೇ ಕೇಬಲ್ಲಿನ ತುದಿಯನ್ನೇ ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಿದೆ. ಒತ್ತಬೇಕಾಗಲೂ ಇಲ್ಲ, ಟಕ್ ಅಂತ ಕೂತಿತು.

ಸ್ವಿಚ್ ಹಾಕಿದೆ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ರ್‍ಯಾಮ್ ಸರಿಯಾಗಿ ಕೂತಿಲ್ಲವೇನೋ ಅಂತ ಮತ್ತೆ ಒತ್ತಿ ಕೂರಿಸಿ ಇನ್ನೊಂದು ಸಲ ಹಾಕಿದೆ. ಆಗ ಸುಟ್ಟ ವಾಸನೆ ಬಂತು. ಆ ಎರಡನೇ ಸಲ ಹಾಕಬಾರದಿತ್ತು, ಅದು ಈಗಲೂ ಮನಸ್ಸಲ್ಲಿ ಕೊರೆಯುತ್ತದೆ.

ಯಾಕೆ ಹೀಗಾಯಿತು ಅಂತ ಆಮೇಲೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದಾಗ ಗೊತ್ತಾಯಿತು. ಕೇಬಲ್ಲಿನ ಎರಡು ತುದಿಯಲ್ಲಿ ಡಿಸ್ಕ್ ಕಡೆಯದು ಮಾತ್ರ ಎಲ್ಲ ಕಂಪನಿಗೂ ಒಂದೇ ತರ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ಯಾವ ನಿಯಮವೂ ಇಲ್ಲ. ಯಾವ ಪಿನ್‌ನಲ್ಲಿ 12 ವೋಲ್ಟ್, ಯಾವುದರಲ್ಲಿ 5 ವೋಲ್ಟ್, ಯಾವುದು ಗ್ರೌಂಡ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಕೆಲವೊಮ್ಮೆ ಒಂದೇ ಕಂಪನಿಯ ಮಾಡೆಲ್‌ನಿಂದ ಮಾಡೆಲ್‌ಗೂ ಬೇರೆ. ಪ್ಲಾಸ್ಟಿಕ್ ಅಚ್ಚು ಒಂದೇ ಆಗಿರುವುದರಿಂದ ಸುಮ್ನೆ ಕೂತುಬಿಡುತ್ತದೆ. ವೈರುಗಳೆಲ್ಲ ಕಪ್ಪು, ಬಣ್ಣ ನೋಡಿ ಹೇಳುವ ಹಾಗೂ ಇಲ್ಲ. ನನ್ನ ಡಿಸ್ಕ್‌ಗಳಿಗೆ 5 ವೋಲ್ಟ್ ಬರಬೇಕಾದ ಜಾಗಕ್ಕೆ 12 ವೋಲ್ಟ್ ಹೋಗಿತ್ತು.

ಮದರ್‌ಬೋರ್ಡ್, ಕಾರ್ಡ್ ಎರಡೂ ಉಳಿದವು, ಅವಕ್ಕೆ ಹೊಸ ಬಾಕ್ಸಿನ ಕೇಬಲ್ಲನ್ನೇ ಹಾಕಿದ್ದೆ. ಡಿಸ್ಕ್ ಎರಡೂ ಒಂದೇ ಕೇಬಲ್ಲಿನಲ್ಲಿ ಇದ್ದವು. ಒಂದರಲ್ಲಿ ಫೋಟೊ, ವಿಡಿಯೊ. ಇನ್ನೊಂದು ಅದರ ಬ್ಯಾಕಪ್. ಒಂದೇ ಡಬ್ಬಿಯೊಳಗೆ, ಒಂದೇ ವೈರಿನಲ್ಲಿ ಇಟ್ಟದ್ದನ್ನು ಬ್ಯಾಕಪ್ ಅಂತ ನಂಬಿಕೊಂಡಿದ್ದೆ.

ಡೇಟಾ ರಿಕವರಿ ಮಾಡುವವರ ಹತ್ತಿರ ಕೊಟ್ಟೆ. ಡಿಸ್ಕಿನ ಬೋರ್ಡಿನಲ್ಲಿ ಜಾಸ್ತಿ ವೋಲ್ಟ್ ಬಂದಾಗ ತಾನು ಸುಟ್ಟು ಉಳಿದದ್ದನ್ನು ಕಾಯುವ ಒಂದು ಸಣ್ಣ ಡಯೋಡ್ ಇರುತ್ತದೆ. ಬ್ಯಾಕಪ್ ಡಿಸ್ಕಿನಲ್ಲಿ ಅದೊಂದೇ ಸುಟ್ಟಿತ್ತು, ಅದನ್ನು ಕಿತ್ತ ಮೇಲೆ ಡಿಸ್ಕ್ ತಿರುಗಿತು. ಮುಖ್ಯ ಡಿಸ್ಕಿನಲ್ಲಿ ಏಟು ಒಳಗೆ ಡೇಟಾ ಓದುವ ಹೆಡ್‌ವರೆಗೂ ಹೋಗಿತ್ತು, ಅದು ಬರಲಿಲ್ಲ. ಬ್ಯಾಕಪ್ಪಿಗೆ ನಾನು ಕೊನೆಯದಾಗಿ ಕಾಪಿ ಮಾಡಿದ್ದು 2018ರ ದೀಪಾವಳಿಯಲ್ಲಿ. ಮರುವರ್ಷ ತಂಗಿಯ ಮದುವೆಯಲ್ಲಿ ಅಜ್ಜಿ ಹೇಳಿದ ಸೋಬಾನೆ ಪದಗಳು, ಮುಕ್ಕಾಲು ಗಂಟೆ ರೆಕಾರ್ಡ್ ಮಾಡಿದ್ದು, ಸತ್ತ ಡಿಸ್ಕಿನಲ್ಲೇ ಇವೆ. ಅಜ್ಜಿ ಈಗಿಲ್ಲ.

ವಾರಂಟಿ ಕೇಳಿದರೆ ಸಿಗಲಿಲ್ಲ. ಬಾಕ್ಸಿನ ಜೊತೆ ಬಂದ ಕೇಬಲ್ ಮಾತ್ರ ಬಳಸಿ ಅಂತ ಹೊಸ ಎಸ್‌ಎಂಪಿಎಸ್ ಪುಸ್ತಕದಲ್ಲಿ ಒಂದು ಸಾಲು ಇತ್ತು. ಅಂಗಡಿಯವರೂ ಒಂದು ಮಾತು ಹೇಳಬಹುದಿತ್ತು ಅಲ್ವಾ, ಆದರೆ ನಾನೂ ಕೇಳಿರಲಿಲ್ಲ.

ನೀವು ಬದಲಾಯಿಸುವಾಗ ಹಳೇ ಎಸ್‌ಎಂಪಿಎಸ್ ಜೊತೆಗೆ ಅದರ ಒಂದೊಂದು ಕೇಬಲ್ಲನ್ನೂ ಹೊರಗೆ ತೆಗೆಯಿರಿ, ಎಷ್ಟೇ ನೀಟಾಗಿ ಕಟ್ಟಿದ್ದರೂ ಸರಿ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಮಾಡೆಲ್ ಹೆಸರು ಬರೆದಿಡಿ. ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಕೊಳ್ಳುವಾಗ ಕೇಬಲ್ ಇಲ್ಲ, ಬೇರೆದು ಕೊಡುತ್ತೇನೆ ಅಂದರೆ ಬಿಟ್ಟು ಬನ್ನಿ. ಮೊದಲ ಸಲ ಸ್ವಿಚ್ ಹಾಕುವಾಗ ಡೇಟಾ ಇರುವ ಡಿಸ್ಕ್‌ಗಳ ಪವರ್ ಕಳಚಿಡಿ. ಮದರ್‌ಬೋರ್ಡ್ ಮತ್ತು ಕಾರ್ಡ್ ಸರಿಯಾಗಿ ಶುರುವಾದ ಮೇಲೆ ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಮೊದಲು ಯಾವುದಾದರೂ ಬೇಡದ ಹಳೇ ಡಿಸ್ಕ್ ಹಾಕಿ ನೋಡಿ. ಫ್ಯಾನ್ ತಿರುಗಿ ನಿಂತರೆ ಮತ್ತೆ ಒತ್ತಬೇಡಿ. ಪ್ಲಗ್ ಕಿತ್ತು ಕೇಬಲ್ ನೋಡಿ.

ನಮ್ಮ ಮನೆಯ ಹಳೇ ಕೇಬಲ್ಲುಗಳ ತುದಿಯನ್ನೆಲ್ಲ ಕತ್ತರಿಸಿದ್ದೇನೆ. ತಂಗಿಯ ಮದುವೆಗೆ ಬಂದಿದ್ದ ಪ್ರತಿಯೊಬ್ಬರಿಗೂ ಈಗ ಫೋನ್ ಮಾಡುತ್ತಿದ್ದೇನೆ, ಯಾರಾದರೂ ಆ ಹಾಡನ್ನು ಮೊಬೈಲ್‌ನಲ್ಲಿ ಹಿಡಿದಿದ್ದರಾ ಅಂತ. ಇಲ್ಲಿವರೆಗೆ ಹಾಸನದ ಅತ್ತಿಗೆಯ ಹತ್ತಿರ ಎರಡು ನಿಮಿಷದ್ದು ಸಿಕ್ಕಿದೆ.